ಮೇಷ್ಟ್ರ ಪೋರ್ಚುಗೀಸ್

ಪ್ರವಾಸಕ್ಕೆ ಬಟ್ಟೆ ಜೋಡಿಸುವ ಮುಂಚೆ ಭಾಷೆ ಜೋಡಿಸಿಕೊಳ್ಳುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ರೂಪನಗುಡಿಯಲ್ಲಿ ಅವರು ನಿವೃತ್ತ ಮೇಷ್ಟ್ರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮಧುರೆಗೆ ಹೋಗುವಾಗ ಕಾಫಿ ಕೇಳುವಷ್ಟು ತಮಿಳು ಕಲಿತು, ಅಲ್ಲಿ ಚಹಾ ಕುಡಿದು ಬಂದವರು. ಈಗ ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋಗಬೇಕು. 1510ರಿಂದ 1961ರ ತನಕ ಪೋರ್ಚುಗೀಸರು ಆಳಿದ ಊರು, ಹೋಟೆಲಿನಲ್ಲಿ ಊಟ ಕೇಳಲು ಪೋರ್ಚುಗೀಸ್ ಬೇಡವೇ? ಮೊಮ್ಮಗ ಮೊಬೈಲಿನಲ್ಲಿ ಪಾಠ ಹಾಕಿಕೊಟ್ಟ.

ಮೊದಲ ವಾಕ್ಯಕ್ಕೇ ಎಡವಟ್ಟಾಯಿತು. ‘ಉಮಾ ಮೇಜಾ ಪಾರಾ ದೋಯ್ಶ್’, ಅಂದರೆ ಇಬ್ಬರಿಗೊಂದು ಮೇಜು ಕೊಡಿ ಎಂದು ಪಡಸಾಲೆಯಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು.

“ಯಾವ ಉಮಾ ರೀ?” ಅಡುಗೆಮನೆಯಿಂದ ಪ್ರಶ್ನೆ ಬಂತು.

ಉಮಾ ಎಂದರೆ ‘ಒಂದು’, ನಮ್ಮ ಮೇಜು ಅವರ ಮೇಜಾದಂತೆಯೇ ಕೇಳಿಸುತ್ತದೆ, ಅನಾನಸ್, ಪಾವ್ ಭಾಜಿಯ ಪಾವ್ ಅವರದ್ದೇ ಮಾತು ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾರು ಉಕ್ಕಿತ್ತು. ‘ಆಗ್ವಾ ಸೇಂ ಗಾಸ್’ ಅಂದರೆ ಗ್ಯಾಸಿಲ್ಲದ ನೀರು ಎಂದಾಗ ಮನೆಯವರು, “ನೀರಿಗ್ಯಾಕೆ ಗ್ಯಾಸು?” ಅಂದರು. ಪಾಠದ ಪ್ರಕಾರ ಅವರ ಲಿಸ್ಬನ್ನಿನಲ್ಲಿ ಊಟ ಹೇಳುವ ಮೊದಲೇ ತಂದಿಡುವ ಬ್ರೆಡ್ಡು, ಆಲಿವ್ ತಿಂದರೆ ಅದಕ್ಕೂ ಬಿಲ್ಲಂತೆ. ಕೇಳದೆಯೇ ಉಳ್ಳಾಗಡ್ಡಿ, ಚಟ್ನಿ ಬಡಿಸುವ ಖಾನಾವಳಿ ಕಂಡ ಮೇಷ್ಟ್ರಿಗೆ ಇದು ಮಾತ್ರ ಜೀರ್ಣವಾಗಲಿಲ್ಲ.

ಹಾಗೆ ನೋಡಿದರೆ ಉಣ್ಣಲು ಮೊದಲು ಈ ಕಡೆಗೆ ಬಂದವರು ಪೋರ್ಚುಗೀಸರೇ. 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರ ನೋಡಿದ ಅವರ ಪ್ರವಾಸಿ ಡೊಮಿಂಗೊ ಪಾಯಸ್ (ಹೆಸರಿನಲ್ಲೇ ಪಾಯಸ!) ಅಲ್ಲಿನ ಪೇಟೆಯ ದವಸಧಾನ್ಯ, ಹಣ್ಣುಗಳ ಸಮೃದ್ಧಿಯನ್ನು ಬಾಯ್ತುಂಬ ಹೊಗಳಿ ಬರೆದ. ಆ ಪುಣ್ಯಾತ್ಮ ಕನ್ನಡ ಬಾಯಿಪಾಠ ಮಾಡಿಕೊಂಡು ಬಂದಿದ್ದನೇ ಎಂದು ಮೇಷ್ಟ್ರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಇಷ್ಟೆಲ್ಲ ಕಲಿತು ಹೋದರೆ, ಗೋವಾದ ಆಡಳಿತ ಭಾಷೆ 1987ರಿಂದ ಕೊಂಕಣಿ. ಮಡಗಾಂವಿನ ಹೋಟೆಲಿನಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ‘ಉಮಾ ಮೇಜಾ’ ಅಂದರೆ, ಕೊಪ್ಪಳ ಕಡೆಯ ಮಾಣಿ, “ಕುಂದರ್ರಿ ಸರ, ಊಟ ಐತಿ” ಅಂದ.

ಕಲಿತದ್ದರಲ್ಲಿ ಕೃತಜ್ಞತೆಯ ಮಾತೊಂದು ಹಾಗೇ ಉಳಿಯಿತು. ಗಂಡಸರು ‘ಒಬ್ರಿಗಾದು’, ಹೆಂಗಸರು ‘ಒಬ್ರಿಗಾದಾ’ ಅನ್ನಬೇಕು. ನಮ್ಮಲ್ಲಿ ತಿಂಡಿ ಕೊಟ್ಟವರಿಗೆ ಧನ್ಯವಾದ ಹೇಳುವ ಪದ್ಧತಿಯೇ ಇಲ್ಲ, ‘ಇನ್ನೆರಡು ಹಾಕು’ ಅಂದರೆ ಅದೇ ಧನ್ಯವಾದ. ಆದರೂ ಕಲಿತದ್ದು ವ್ಯರ್ಥವಾಗಬಾರದಲ್ಲ. ಊರಿಗೆ ಬಂದ ಸಂಜೆ ವಗ್ಗರಣಿ-ಮಿರ್ಚಿ ಬಂಡಿಗೆ ಹೋದರು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಈ ದೇಶಕ್ಕೆ ಬಂದದ್ದೂ ಪೋರ್ಚುಗೀಸರ ಹಡಗಿನಲ್ಲೇ. ಹಾಗಾಗಿ ಆ ಮಾತಿಗೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ತಟ್ಟೆ ಕೈಗೆ ಬಂದೊಡನೆ ನಗುತ್ತಾ, “ಒಬ್ರಿಗಾದು” ಅಂದರು.

“ಒಬ್ರಿಗಾದ್ದಾ? ಅಯ್ಯೋ ಸಾರ್, ಇಬ್ರಿಗೆ ಹಾಕಿಬಿಟ್ಟೀನಲ್ಲ” ಎನ್ನುತ್ತಾ ಬಂಡಿಯವನು ತಟ್ಟೆಯಿಂದ ಎರಡು ಮಿರ್ಚಿ ವಾಪಸ್ ತೆಗೆದುಕೊಂಡ.