ಅನುವಾದಕರಿಗೆ ಜೈ, ಚೆಕ್ ಆಮೇಲೆ

ಸೆಪ್ಟೆಂಬರ್ 30 ಅಂತರರಾಷ್ಟ್ರೀಯ ಅನುವಾದ ದಿನ. ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮನ ಪುಣ್ಯತಿಥಿ. ಅನುವಾದಕನನ್ನು ನೆನೆಯಲು ಅವನು ತೀರಿಕೊಂಡ ದಿನವನ್ನೇ ಆರಿಸಿದವರ ಲೋಕಜ್ಞಾನಕ್ಕೆ ಶರಣು. ಆತನಿಗೆ ಕೆಲಸ ಒಪ್ಪಿಸಿದ್ದ ಪೋಪ್ ಡಮಾಸಸ್ 384ರಲ್ಲಿ ಕಾಲವಾದರು. ಮರುವರ್ಷವೇ ಜೆರೋಮ್ ರೋಮ್ ಬಿಡಬೇಕಾಯಿತು. ಕೆಲಸ ಹೇಳಿದವರು ಲೆಕ್ಕ ಚುಕ್ತಾ ಆಗುವ ಮೊದಲೇ ಕಾಣೆಯಾಗುವ ಪದ್ಧತಿ ಅಷ್ಟು ಹಳೆಯದು. 2017ರಲ್ಲಿ ವಿಶ್ವಸಂಸ್ಥೆಯೂ ಈ ದಿನಕ್ಕೆ ಮುದ್ರೆ ಒತ್ತಿತು. ಅಂದ ಮೇಲೆ ಶಾಲು ಹೊದಿಸದೆ ಬಿಡಲಾದೀತೆ?

ನಮ್ಮಲ್ಲಿ ಶಾಲಿಗೆ ಬೇಡಿಕೆ ಏರಿದ್ದು 2025ರ ಮೇ 20ರ ನಂತರ. ಅಂದು ಲಂಡನ್ನಿನಲ್ಲಿ ಬಾನು ಮುಷ್ತಾಕರ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಬಹುಮಾನದ 50 ಸಾವಿರ ಪೌಂಡಿನಲ್ಲಿ, ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಸಮಪಾಲು! ಇದೆಂಥ ಅನಾಚಾರ? ದಿಲ್ಲಿಯ ಸಾಹಿತ್ಯ ಅಕಾಡೆಮಿಯ ಲೆಕ್ಕವೇ ಮರ್ಯಾದಸ್ಥರದ್ದು: ಮೂಲ ಕೃತಿಗೆ 1 ಲಕ್ಷ, ಅನುವಾದಕ್ಕೆ 50 ಸಾವಿರ. ಅನುವಾದಕರ ಹೊಟ್ಟೆಯನ್ನು ಯಾರೋ ಅಳೆದೇ ನೋಡಿರಬೇಕು.

ಈಗ ಪ್ರತಿ ಭಾಷಣದಲ್ಲೂ ಅನುವಾದಕರು ‘ಸಂಸ್ಕೃತಿಗಳ ನಡುವಿನ ಸೇತುವೆ’. ಟೋಲ್ ಯಾರ ಜೇಬಿಗೆ ಎಂದು ಕೇಳುವುದು ಸಭಾ ಮರ್ಯಾದೆಯಲ್ಲ.

ಪೋಲಿಷ್ ಲೇಖಕಿ ಓಲ್ಗಾ ತೊಕಾರ್ಚುಕ್ ಜತೆ 2018ರಲ್ಲಿ ಇದೇ ಬೂಕರ್ ಬಹುಮಾನ ಹಂಚಿಕೊಂಡ ಅನುವಾದಕಿ ಜೆನಿಫರ್ ಕ್ರಾಫ್ಟ್, ಮುಖಪುಟದಲ್ಲಿ ಹೆಸರಿಲ್ಲದಿದ್ದರೆ ಇನ್ನು ಅನುವಾದವನ್ನೇ ಮಾಡುವುದಿಲ್ಲ ಎಂದು 2021ರಲ್ಲಿ ಹಟ ಹಿಡಿದರು. ಪಾಪ, ಕನ್ನಡದಲ್ಲಿ ಹುಟ್ಟಬೇಕಿತ್ತು. ಇಲ್ಲಿ ‘ಕನ್ನಡಕ್ಕೆ:’ ಎಂದು ಬರೆದು ಮುಖಪುಟದಲ್ಲೇ ಹೆಸರು ಹಾಕುವ ಉದಾರಿಗಳು ಬೇಕಾದಷ್ಟಿದ್ದಾರೆ. ಎಷ್ಟೋ ಸಲ ಸಂಭಾವನೆಯೂ ಅದೇ. ಜತೆಗೆ ಗೌರವ ಪ್ರತಿಗಳು. ಹೆಚ್ಚು ಬೇಕಿದ್ದರೆ ರಿಯಾಯಿತಿ ದರದಲ್ಲಿ ತಾವೇ ಕೊಂಡುಕೊಳ್ಳಬಹುದು.

ಇತ್ತೀಚೆಗೆ ಯಂತ್ರವೂ ಪಂಕ್ತಿಯಲ್ಲಿ ಕೂತಿದೆ. ಮೆಚ್ಚತಕ್ಕ ನೌಕರ: ನಿದ್ದೆಯಿಲ್ಲ, ಗೌರವ ಪ್ರತಿ ಕೇಳುವುದಿಲ್ಲ. ಅಜ್ಜಿಯ ಬೈಗುಳವನ್ನೂ ಬ್ಯಾಂಕಿನ ನೋಟಿಸನ್ನೂ ಒಂದೇ ದನಿಯಲ್ಲಿ ಒಪ್ಪಿಸುತ್ತದೆ. ಹಾಗಾಗಿ ಅನುವಾದಕರಿಗೆ ಬರುವ ಫೋನಿನ ಧಾಟಿಯೂ ಬದಲಾಗಿದೆ.

“ಗೂಗಲ್ ಎಲ್ಲ ಮಾಡಿಕೊಟ್ಟಿದೆ ಸರ್, ನೀವು ಸುಮ್ಮನೆ ಕಣ್ಣಾಡಿಸಿದರೆ ಸಾಕು. ಪುಟಕ್ಕೆ ಅರ್ಧ ರೇಟು.”

“ಇದನ್ನು ತಿದ್ದುವ ಬದಲು ಹೊಸದಾಗಿ ಬರೆಯುವುದೇ ಸುಲಭವಲ್ಲವೇ?”

“ಧಾರಾಳವಾಗಿ ಬರೆಯಿರಿ ಸರ್. ಬಿಲ್ ಮಾತ್ರ ಕಣ್ಣಾಡಿಸಿದ್ದಕ್ಕೇ ಹಾಕಿ.”