ತೊಂಬತ್ತು ದಿನಕ್ಕೊಂದು ಗುಟ್ಟು

ಈ ಕಾಲದಲ್ಲಿ ಶಿಸ್ತೇ ಇಲ್ಲ ಎಂದು ಗೊಣಗುವವರು ಪಾಸ್‌ವರ್ಡ್ ಅವಧಿ ಮುಗಿಯುವ ದಿನ ಯಾವುದಾದರೂ ಕಚೇರಿಗೆ ಬಂದು ನೋಡಬೇಕು. ಬಡ್ತಿ ತಡವಾದೀತು, ತುಟ್ಟಿಭತ್ಯೆ ಬಾಕಿ ಉಳಿದೀತು, ಕೆಟ್ಟ ಲಿಫ್ಟು ಕೆಟ್ಟೇ ಇದ್ದೀತು. ತೊಂಬತ್ತನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಮೂಡುವ ನೋಟಿಸು ಮಾತ್ರ ತಪ್ಪಿದ್ದಿಲ್ಲ: ನಿಮ್ಮ ಖಾಸಗಿತನದ ರಕ್ಷಣೆಗಾಗಿ ಪಾಸ್‌ವರ್ಡ್ ಬದಲಿಸಿ.

ಬದಲಿಸುವುದೆಂದರೆ ಹುಡುಗಾಟವಲ್ಲ. ದೊಡ್ಡಕ್ಷರ ಇರಬೇಕು, ಸಣ್ಣಕ್ಷರ ಇರಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಹಳೆಯದು ಮತ್ತೆ ಬರಕೂಡದು. ಇಷ್ಟು ಕಟ್ಟುಪಾಡಿಗೆ ನಮ್ಮವರು ಕಂಡುಕೊಂಡ ದಾರಿ ನೋಡಿ: ಮನೆದೇವರ ಹೆಸರು, ನಡುವೆ ಒಂದು @, ಕೊನೆಗೊಂದು ಅಂಕಿ. ಮಂಜುನಾಥ@1. ಅವಧಿ ಮುಗಿದರೆ ಮಂಜುನಾಥ@2. ದೇವರ ಸ್ಮರಣೆಯೂ ಆಯಿತು, ಭದ್ರತೆಯೂ ಆಯಿತು.

ಇದರಿಂದ ಆಡಳಿತಕ್ಕೆ ಆಗಿರುವ ಉಪಕಾರವೂ ಸಣ್ಣದಲ್ಲ.

“ಸಾರ್, ನಿಮ್ದು ಎಷ್ಟಕ್ಕೆ ಬಂತು?”

“ಇಪ್ಪತ್ಮೂರು ಕಣ್ರೀ. ನಿಮ್ದು?”

“ಇನ್ನೂ ಐದೇ ಸಾರ್. ಹೋದ ವರ್ಷ ತಾನೆ ಟ್ರಾನ್ಸ್‌ಫರ್ ಆಗಿ ಬಂದಿದ್ದು.”

ಜ್ಯೇಷ್ಠತಾ ಪಟ್ಟಿಗಾಗಿ ಕೋರ್ಟು ಹತ್ತುವವರು ಇದನ್ನು ಗಮನಿಸಬೇಕು. ಇಲ್ಲಿ ತಕರಾರಿಗೆ ಎಡೆಯೇ ಇಲ್ಲ. ಸಹೋದ್ಯೋಗಿಗಳ ನಡುವಿನ ವಿಶ್ವಾಸವಂತೂ ಕಣ್ತುಂಬುವಂಥದ್ದು. ರಜೆಯ ಮೇಲೆ ಹೋಗುವವರು ಕಡತ ನಿಲ್ಲಬಾರದೆಂದು ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿಯೇ ಹೋಗುತ್ತಾರೆ. ಮರಳಿ ಬರುವಷ್ಟರಲ್ಲಿ ಅಂಕಿ ಒಂದು ಮುಂದಕ್ಕೆ ಹೋಗಿದ್ದರೆ ಅದನ್ನು ತಿಳಿಸುವ ಸೌಜನ್ಯವೂ ಪಕ್ಕದ ಮೇಜಿನವರದೇ.

ಈ ಪದ್ಧತಿಯ ಮೂಲಪುರುಷರಲ್ಲಿ ಅಮೆರಿಕದ ಬಿಲ್ ಬರ್ ಅವರನ್ನು ನೆನೆಯಬೇಕು. ಅಲ್ಲಿನ ರಾಷ್ಟ್ರೀಯ ಮಾನದಂಡ ಸಂಸ್ಥೆಗಾಗಿ 2003ರಲ್ಲಿ ಅವರು ಬರೆದ ಮಾರ್ಗಸೂಚಿಯೇ ಚಿಹ್ನೆ, ಅಂಕಿ, ಆಗಾಗ ಬದಲಾವಣೆ ಎಂಬ ವ್ರತವನ್ನು ಲೋಕದಲ್ಲೆಲ್ಲ ಹರಡಿದ್ದು. ಪಾಪ, ನಿವೃತ್ತರಾದ ಮೇಲೆ 2017ರಲ್ಲಿ ಅವರು, ತಾವು ಅಂದು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದುಬಿಟ್ಟರು. ಗುರು ಕೈಬಿಟ್ಟರೂ ಶಿಷ್ಯರು ಬಿಡದಿರುವುದು ನಮ್ಮ ಪರಂಪರೆಯ ಹಿರಿಮೆ.

ವಿದ್ವಾಂಸರ ಕಿರುಕುಳವೂ ಇದ್ದದ್ದೇ. 2010ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು, ಮೂರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಬದಲಾಗುತ್ತಿದ್ದ ಹಳೆಯ ಖಾತೆಗಳ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದರು. ಹಿಂದಿನದು ಗೊತ್ತಿದ್ದರೆ ಮುಂದಿನದನ್ನು ಐದು ಊಹೆಯೊಳಗೆ ಹಿಡಿಯಬಹುದಾದ ಖಾತೆಗಳು ಸುಮಾರು ಶೇಕಡಾ 17. ಅವರು ಇದನ್ನು ದೌರ್ಬಲ್ಯ ಎಂದರು. ಸ್ಥೈರ್ಯ ಎನ್ನಬಾರದೇಕೆ? ಒಮ್ಮೆ ನಂಬಿದ ಮನೆದೇವರನ್ನು ತ್ರೈಮಾಸಿಕಕ್ಕೊಮ್ಮೆ ಬದಲಿಸಲು ನಾವೇನು ಅವಕಾಶವಾದಿಗಳೇ?

ಕಳ್ಳರ ಪಾಡನ್ನೂ ಸ್ವಲ್ಪ ಯೋಚಿಸಿ. 2013ರಲ್ಲಿ ಯಾಹೂ ಮೇಲೆ ನಡೆದ ಒಂದೇ ದಾಳಿಯಲ್ಲಿ 300 ಕೋಟಿ ಖಾತೆಗಳ ವಿವರ ಹೋಯಿತು. ಲೆಕ್ಕ ಅಷ್ಟು ಎಂದು ಸಂಸ್ಥೆ ಹೇಳಿದ್ದು 2017ರಲ್ಲಿ. ಅಷ್ಟು ರಾಶಿ ಹೊತ್ತುಕೊಂಡು ಹೋದವರಿಗೆ ನಾವು ಕೊಟ್ಟ ನೆರವು ಕಡಿಮೆಯೇ? ಮೇಲ್‌ಗೆ, ಬ್ಯಾಂಕಿಗೆ, ರೈಲು ಟಿಕೆಟ್ಟಿಗೆ, ಸೀರೆ ಕೊಳ್ಳುವ ಆ್ಯಪಿಗೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಅವರ ಓಡಾಟ ಉಳಿಸಿದ್ದೇವೆ.

ಇನ್ನು ಖಾಸಗಿತನ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು 2017ರ ಆಗಸ್ಟ್ 24ರಂದು. ಅದಕ್ಕೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ನಾಡಿನಲ್ಲಿ ಆ ಹಕ್ಕು ಹೇಗೆ ಚಲಾವಣೆಯಲ್ಲಿದೆ ಎಂಬುದನ್ನು ಮಂಡ್ಯದ ಬಸ್ಸಿನಲ್ಲಿ ಕಂಡು ಧನ್ಯನಾದೆ. ಮಗಳು ಊರಿನಿಂದ ಅಪ್ಪನ ಪಾಸ್‌ವರ್ಡ್ ಬದಲಿಸುತ್ತಿದ್ದಳು. ಓಟಿಪಿ ಅಪ್ಪನ ಫೋನಿಗೆ ಬಂದಿತ್ತು. ಕನ್ನಡಕ ಮನೆಯಲ್ಲಿ ಮರೆತಿದ್ದ ಯಜಮಾನರು ಫೋನನ್ನು ಪಕ್ಕದ ಸೀಟಿನ ಹುಡುಗನ ಕೈಗಿತ್ತು, “ಅದೇನೋ ನಂಬರ್ ಬಂದದಂತೆ, ವಸಿ ಜೋರಾಗಿ ಓದಪ್ಪ, ನನ್ ಮಗಳಿಗೆ ಕೇಳ್ಲಿ” ಎಂದರು. ಹುಡುಗ ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದ. ಕೆಳಗಿದ್ದ ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಸಾಲನ್ನೂ ಅಷ್ಟೇ ಜೋರಾಗಿ ಓದಿದ.

ಪಾಸ್‌ವರ್ಡ್ ಮರೆತರೂ ಚಿಂತೆಯಿಲ್ಲ. ನೀವು ಹುಟ್ಟಿದ ಊರು ಯಾವುದು ಎಂಬ ರಹಸ್ಯ ಪ್ರಶ್ನೆ ಕಾಯುತ್ತಿರುತ್ತದೆ. ಆ ರಹಸ್ಯ ನಿಮಗೆ, ನಿಮ್ಮ ಊರಿಗೆ ಮತ್ತು ನಿಮ್ಮ ಫೇಸ್‌ಬುಕ್ ಪುಟಕ್ಕೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ.

ಈಗ ಅದೇ ಅಮೆರಿಕದ ಮಾನದಂಡ ಸಂಸ್ಥೆ ಹೊಸ ಪಾಠ ಹೇಳುತ್ತಿದೆ. ಕ್ಯಾಲೆಂಡರ್ ನೋಡಿ ಬದಲಿಸಬೇಡಿ. ಸೋರಿದ ಸುಳಿವು ಸಿಕ್ಕಾಗ ಬದಲಿಸಿ. ಚಿಹ್ನೆಗಿಂತ ಉದ್ದ ಮುಖ್ಯ. ತಜ್ಞರು ಇದರ ಮೇಲೆ ಮತ್ತೂ ಎರಡು ಹೇರುತ್ತಾರೆ: ಒಂದೊಂದು ಖಾತೆಗೂ ಬೇರೆ ಬೇರೆ ಇರಲಿ, ಬದಲಿಸಿದ ಮೇಲೆ ಹಳೆಯ ಫೋನುಗಳಿಂದಲೂ ಲಾಗ್‌ಔಟ್ ಆಗಿ.

ಇದೆಂಥ ಅನ್ಯಾಯ! ಇದನ್ನು ಒಪ್ಪಿದರೆ ಪಾಸ್‌ವರ್ಡನ್ನು ನಿಜವಾಗಿಯೂ ಗುಟ್ಟಾಗಿ ಇಡಬೇಕಾಗುತ್ತದೆ. ಪಕ್ಕದ ಮೇಜಿನವರು ಏನೆಂದುಕೊಂಡಾರು? ಆ ಕೆಲಸ ಮಾತ್ರ ನಮ್ಮಿಂದ ಆಗದು. ಒಂದು ಕೂಡಿಸಿ ಎಂದರೆ ನಿವೃತ್ತಿಯವರೆಗೂ ಕೂಡಿಸುತ್ತೇವೆ.