ಸಿಗ್ನಲ್ ಮಾವ

ಟಿ.ವಿ. ಕೆಟ್ಟರೆ ನಮ್ಮ ಮನೆಯಲ್ಲಿ ಮೊದಲು ಮಾಡುವ ಕೆಲಸ ಆ ಸುದ್ದಿಯನ್ನು ಮುಚ್ಚಿಡುವುದು. ‘ನೋ ಸಿಗ್ನಲ್’ ಅಂತ ಬಂದದ್ದು ಸೋದರಮಾವನ ಕಿವಿಗೆ ಬಿತ್ತೋ, ಕೆಲಸ ಕೆಟ್ಟಿತು. ಅವರ ಮನೆ ಎರಡು ತೋಟ ಆಚೆ. ಅಂಗಳದಲ್ಲಿ ಚಪ್ಪಲಿ ಸದ್ದಾದದ್ದೇ ಅಮ್ಮ ಟಿ.ವಿ. ಆರಿಸಿ ಅಕ್ಕಿ ಆರಿಸಲು ಕೂರುತ್ತಾಳೆ. ಆದರೂ ಅವರಿಗೆ ವಾಸನೆ ಹತ್ತುತ್ತದೆ.

“ಏನಕ್ಕಾ, ಧಾರಾವಾಹಿ ಹೊತ್ತಲ್ಲಿ ಅಕ್ಕಿ ಆರಿಸ್ತಾ ಇದೀಯ? ಚಾನೆಲ್ ಬರ್ತಾ ಇಲ್ವಾ?”

ಸಹಕಾರ ಸಂಘದಲ್ಲಿ ಅಡಿಕೆ ಲೆಕ್ಕ ಬರೆದು ನಿವೃತ್ತರಾದ ಈ ಮಹಾನುಭಾವರನ್ನು ಊರು ಕರೆಯುವುದು ಸಿಗ್ನಲ್ ಮಾವ ಎಂದೇ. ಇಂಥವರು ನಿಮ್ಮಲ್ಲೂ ಒಬ್ಬರಿದ್ದಾರು. ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಟೆಸ್ಟರ್. ಮದುವೆಮನೆಗೆ ಹೋದರೂ ಮೈಕಿನವನಿಗೆ ಎರಡು ಬುದ್ಧಿಮಾತು ಹೇಳದೆ ಊಟಕ್ಕೆ ಏಳುವವರಲ್ಲ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರಪದ್ಧತಿ ಬಂದಾಗಲಂತೂ ಮಾವನಿಗೆ ಹಬ್ಬ. ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಅದರ ಮೇಲೆ ದುಡ್ಡಿನ ಚಾನೆಲ್‌ಗೆಲ್ಲ ಬಿಡಿ ಬೆಲೆ ಎಂದು ಮನೆಮನೆಗೆ ಹೋಗಿ ಪಾಠ ಮಾಡಿದರು. ಯಾವ ಚಾನೆಲ್ ಬಿಟ್ಟರೆ ಯಾರಿಗೆ ಎಷ್ಟು ಉಳಿತಾಯ ಎಂದು ಪಟ್ಟಿಯನ್ನೂ ಬರೆದುಕೊಟ್ಟರು. ಯಾರೂ ಯಾವ ಧಾರಾವಾಹಿಯನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ: ಅವರ ‘ಫ್ಯಾಕ್ಟರಿ ರೀಸೆಟ್’.

ಹೋದ ಮಳೆಗಾಲದ ಕತೆ ಕೇಳಿ. ಒಂದು ಸಂಜೆ ನಮ್ಮ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಚಾನೆಲ್ ಮಾಯ. ಹೋದದ್ದರಲ್ಲಿ ಅಮ್ಮನ ಧಾರಾವಾಹಿ ಇತ್ತು, ಚಂದನವೂ ಇತ್ತು. ‘ಥಟ್ ಅಂತ ಹೇಳಿ’ಗೆ ಕುರ್ಚಿಯಲ್ಲೇ ಕೂತು ಉತ್ತರ ಹೇಳುವವಳು ಅಮ್ಮ. ಉಳಿದದ್ದೋ, ಭೋಜಪುರಿ ಹಾಡಿನದೊಂದು, ಬಂಗಾಳಿಯಲ್ಲಿ ಮೀನು ಹುರಿಯುವುದೊಂದು. ಸಸ್ಯಾಹಾರಿ ಮನೆಯಲ್ಲಿ ಇಡೀ ಸಂಜೆ ಮೀನು ಹುರಿದರೆ ಎಷ್ಟು ಹೊತ್ತು ಗುಟ್ಟಾಗಿ ಉಳಿದೀತು? ಮಾವ ಬಂದರು.

ಮೊದಲು ರಿಮೋಟಿನ ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದರು. ಪೆಟ್ಟಿಗೆಯ ಕಾರ್ಡ್ ಎಳೆದು ಪಂಚೆಯ ತುದಿಯಲ್ಲಿ ಒರೆಸಿದರು. ಆಮೇಲೆ ಮೆನು. “ಮಾವ, ಅದೊಂದು ಬೇಡ” ಅನ್ನುವಷ್ಟರಲ್ಲಿ, ‘ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಪೆಟ್ಟಿಗೆ ಇಂಗ್ಲಿಷಿನಲ್ಲಿ ಕೇಳಿತು. ಮಾವ ದೇವರಿಗೆ ಹೂ ಏರಿಸುವಷ್ಟು ಶ್ರದ್ಧೆಯಿಂದ ಓಕೆ ಒತ್ತಿದರು. ಮಗಳು ಅಜ್ಜಿಗೆಂದು ಜೋಡಿಸಿಟ್ಟ ಇಷ್ಟದ ಚಾನೆಲ್ ಪಟ್ಟಿ ಹೋಯಿತು. ಪೆಟ್ಟಿಗೆ ಪಿನ್ ಕೇಳಿತು. ಮಾವ ನಾಲ್ಕು ಸೊನ್ನೆ ಒತ್ತಿದರು, 1234 ಒತ್ತಿದರು, ಕೊನೆಗೆ ತಮ್ಮ ನಿವೃತ್ತಿಯ ಇಸವಿಯನ್ನೂ ಒತ್ತಿದರು. ಪೆಟ್ಟಿಗೆ ಮುನಿಸಿಕೊಂಡು ಬೀಗ ಹಾಕಿಕೊಂಡಿತು.

“ಇದು ಒಳಗಿನ ತೊಂದರೆ ಅಲ್ಲ, ಮೇಲಿನದು. ಏಣಿ ತಗೊಂಡು ಬಾ ಮಾರಾಯ.”

ನಮ್ಮ ಕಡೆ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖಮಾಡಿರುತ್ತವೆ. ವಾಸ್ತು ಪ್ರಕಾರ ಅದು ಅಗ್ನಿಮೂಲೆ, ಧಾರಾವಾಹಿಯ ಮನೆಗಳಲ್ಲಿ ದಿನಾ ಬೆಂಕಿ ಹತ್ತುವುದಕ್ಕೆ ಅದೇ ಕಾರಣ ಎಂಬುದು ಮಾವನ ಸಿದ್ಧಾಂತ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ 600 ಕಿ.ಮೀ. ಆಚೆ ಹೋದಂತೆ. ಹೀಗೆಂದು ವಿವರಿಸುತ್ತಲೇ ಮಾವ ಡಿಶ್‌ನ ಕಿವಿ ಹಿಂಡಿದರು.

ಮಳೆಗೆ ಮಾಡಿನ ಮೇಲೆ ಹೇಳಿದ್ದು ಒಳಗೆ ಕೇಳದು. ಅದಕ್ಕೆ ಮಾವ ಮೇಲೆ, ನಾನು ಏಣಿಯಲ್ಲಿ, ಮಗಳು ಜಗಲಿಯಲ್ಲಿ, ಅಮ್ಮ ಟಿ.ವಿ. ಮುಂದೆ.

“ಸ್ಟ್ರೆಂತ್ ಎಷ್ಟು?”

“ತೊಂಬತ್ತಂತೆ!”

“ಕ್ವಾಲಿಟಿ?”

“ಸೊನ್ನೆಯಂತೆ! ಅಜ್ಜಿ ಕೇಳ್ತಿದಾಳೆ, ಯಾರಿಗೆ ಕ್ವಾಲಿಟಿ ಇಲ್ಲ ಅಂತ?”

ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲ ಎಂದರೆ ತಂತಿಯಲ್ಲಿ ಏನೋ ಹರಿದುಬರುತ್ತಿದೆ, ಆದರೆ ಅದು ನಮ್ಮ ಉಪಗ್ರಹದ್ದಲ್ಲ ಎಂದರ್ಥ. ಕತ್ತಲಾಗುವ ಹೊತ್ತಿಗೆ ಭೋಜಪುರಿಯೂ ಹೋಗಿತ್ತು, ಮೀನೂ ಹೋಗಿತ್ತು. ಮಾವ ಏಣಿ ಇಳಿದು, “ಈಗ ಎಲ್ಲ ಒಂದೇ ಲೆವೆಲ್‌ಗೆ ಬಂತು ನೋಡು, ಇನ್ನು ಸುಲಭ” ಎಂದು ಕಾಫಿ ಕುಡಿದು ಹೊರಟರು.

ಮಾರನೆಯ ದಿನ ಕಂಪನಿಯ ಹುಡುಗ ಬಂದು, ಡಿಶ್ ತಿರುಗಿಸಿ ಮೀನಿನವರೆಗೆ ವಾಪಸು ತಂದ. ಮಿಕ್ಕದ್ದಕ್ಕೆ ಹೊಸ ಪೆಟ್ಟಿಗೆಯೇ ಆಗಬೇಕು ಅಂದ. ಅಷ್ಟರಲ್ಲಿ ಮಾವ ಬಂದು ನಿಂತಿದ್ದರು. ಅವರ ಮುಖ ಕೆಂಪಾಯಿತು. ಹುಡುಗ ಅತ್ತ ಹೋದದ್ದೇ ಡಿಶ್‌ನಿಂದ ಇಳಿದ ತಂತಿಯನ್ನು, ತಪ್ಪಿಸಿಕೊಂಡ ದನದ ಹೆಜ್ಜೆ ಹಿಡಿದು ಹೋಗುವವರ ಹಾಗೆ, ಗೇಣುಗೇಣಾಗಿ ಬೆರಳಲ್ಲಿ ತಡವುತ್ತ ಬಂದರು. ಸೂರಿನ ಕೆಳಗೆ, ಎರಡು ತಂತಿ ಸೇರುವಲ್ಲಿ ನಿಂತರು. ಟೇಪ್ ಬಿಚ್ಚಿದರೆ ಒಳಗೆ ಹನಿ ನೀರು, ತಾಮ್ರಕ್ಕೆ ಹಸಿರು ಕಿಲುಬು. ಬ್ಲೇಡಿನಿಂದ ಎರಡಂಗುಲ ಕತ್ತರಿಸಿ, ಹೊಸ ಕನೆಕ್ಟರ್ ತಿರುಗಿಸಿ, ಟೇಪ್ ಸುತ್ತಿದರು.

ಚಂದನ ಬಂತು.

ಒಂದು ಗುಂಪಿನ ಚಾನೆಲ್ ತರಿಸಲು ಪೆಟ್ಟಿಗೆ ಡಿಶ್‌ನ ಮೂತಿಗೆ 13 ವೋಲ್ಟ್ ಕಳಿಸುತ್ತದೆ, ಇನ್ನೊಂದು ಗುಂಪಿಗೆ 18. ಕಿಲುಬು ಹಿಡಿದಲ್ಲಿ 18 ಸೋರಿ ಕಮ್ಮಿಯಾದರೆ ಮೂತಿಗೆ ಅದು 13 ಎಂದೇ ಕಾಣುತ್ತದೆ. ಆ ಗುಂಪು ಪೂರ್ತಿ ಗೈರುಹಾಜರು. ಅಡಿಕೆ ಲೆಕ್ಕ ಬರೆದ ಮನುಷ್ಯ ಇದನ್ನೆಲ್ಲ ಎಲ್ಲಿ ಕಲಿತರೋ! ಗೊತ್ತಿದ್ದೂ ಮೊದಲು ರೀಸೆಟ್ಟಿಗೇ ಯಾಕೆ ಕೈಹಾಕುತ್ತಾರೋ, ಅದೂ ನನಗೆ ತಿಳಿಯದು.

ಚಿತ್ರ ಬಂದ ಮೇಲೆ ಮಾವ ಒಂದು ನಿಮಿಷವೂ ಕೂತು ನೋಡಲಿಲ್ಲ. ಎಂದೂ ನೋಡುವುದಿಲ್ಲ. 1987ರಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರುವಾಗ ಕೇರಿಯೆಲ್ಲ ನಮ್ಮ ಜಗಲಿಯಲ್ಲಿ ತುಂಬಿರುತ್ತಿತ್ತು. ಮಾವ ಮಾತ್ರ ಹೊರಗೆ, ಆಂಟೆನಾದ ಕಂಬ ಹಿಡಿದು, ‘ಬಂತಾ? ಬಂತಾ?’ ಎನ್ನುತ್ತ. ಕೈ ಬಿಟ್ಟರೆ ಚುಕ್ಕಿಮಳೆ. ಹಾಗಾಗಿ ಸೀತಾಪಹರಣ ಅವರ ಪಾಲಿಗೆ ಬರೀ ಕಿಟಕಿಯಿಂದ ಕೇಳಿದ ಅಳು.

ಈಗ ಅವರನ್ನು ಕರೆಯುವವರು ಕಮ್ಮಿ. ಎಲ್ಲರೂ ಅವರವರ ಮೊಬೈಲಿನಲ್ಲಿ ಅವರವರ ಕತೆ ನೋಡುತ್ತಾರೆ. ಒಬ್ಬರದು ನಿಂತರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗದು. ಮನೆಗೊಂದೇ ಟಿ.ವಿ. ಇದ್ದಾಗ ಕೆಟ್ಟರೆ ಎಲ್ಲರಿಗೂ ಕೆಡುತ್ತಿತ್ತು, ಬಂದರೆ ಎಲ್ಲರೂ ಒಟ್ಟಿಗೆ ‘ಬಂತು’ ಎಂದು ಕೂಗುತ್ತಿದ್ದರು. ಮಾವ ಮಾಡು ಹತ್ತುತ್ತಿದ್ದದ್ದು ಬಹುಶಃ ಆ ಕೂಗಿಗಾಗಿಯೇ. ಅದನ್ನು ಕೇಳಲು ಒಬ್ಬರು ಮಳೆಯಲ್ಲಿ ನೆನೆಯುತ್ತಾರೆ ಎಂದರೆ, ಒಂದು ರೀಸೆಟ್ಟನ್ನು ಕ್ಷಮಿಸಬಹುದು.

ಹೀಗೆ ದೊಡ್ಡ ಮನಸ್ಸು ಮಾಡಿ ಇದನ್ನು ಬರೆಯುತ್ತ ಕೂತಿದ್ದೇನೆ, ಮಾವ ಒಳಗೆ ಬಂದಿದ್ದಾರೆ. ನಿನ್ನೆಯಷ್ಟೇ ಹಾಕಿಸಿದ ವೈಫೈ ಪೆಟ್ಟಿಗೆಯನ್ನು ತಿರುಗಿಸಿ, ಬೆನ್ನಲ್ಲಿರುವ ಚಿಕ್ಕ ತೂತನ್ನು ಕನ್ನಡಕ ಏರಿಸಿ ನೋಡುತ್ತಿದ್ದಾರೆ.

“ಅಕ್ಕಾ, ಒಂದು ಪಿನ್ನು ಕೊಡೇ.”

ಅಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟೇಬಿಟ್ಟಳು. ಇನ್ನು ಹತ್ತು ನಿಮಿಷಕ್ಕೆ ನನಗೆ ಆಫೀಸಿನ ಮೀಟಿಂಗ್ ಇದೆ.